ನೀರಿನ ಬಿಲ್ ಯಾರಿಗೆ ಕಟ್ಟಿದರೇನು ಎಂಬ ಪ್ರಶ್ನೆಗೆ

ನೀರು ಸರಬರಾಜನ್ನು ಖಾಸಗಿ ಕಂಪನಿಗೆ ವಹಿಸಿದಾಗ, ಬಿಲ್ಲನ್ನು ಪಾಲಿಕೆಗೆ ಕಟ್ಟಿದರೇನು, ಕಂಪನಿಗೆ ಕಟ್ಟಿದರೇನು, ಇಷ್ಟಕ್ಕೇ ಜನ ಬೀದಿಗಿಳಿಯುವುದೇಕೆ ಎಂದು ತಾವು ಕೇಳಿದ್ದೀರಿ. ದರ ಏರಿಕೆ ಒಂದು ಕಾರಣ ನಿಜ. ಆದರೆ ಅದಕ್ಕಿಂತ ದೊಡ್ಡದು, ನೀರು ಬಾರದ ದಿನ ಯಾರ ಬಾಗಿಲು ತಟ್ಟಬೇಕೆಂಬ ಪ್ರಶ್ನೆ.

ದಾವಣಗೆರೆಯ ನಮ್ಮ ಬೀದಿಯಲ್ಲಿ ಒಮ್ಮೆ ಎಂಟು ದಿನ ನಲ್ಲಿ ಒಣಗಿದ್ದಾಗ, ಹೆಂಗಸರು ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡಲಾಗಿ ಸಾಲಿಟ್ಟು ಕುಳಿತರು. ಮಧ್ಯಾಹ್ನದೊಳಗೆ ವಾರ್ಡಿನ ಸದಸ್ಯರು ಓಡಿ ಬಂದರು, ಸಂಜೆಗೆ ಟ್ಯಾಂಕರ್ ಬಂತು. ಮತ ಕೇಳಲು ಬರುವವರ ಮೇಲೆ ಇರುವ ಈ ಹಿಡಿತ, ಕರಾರುಪತ್ರ ಹಿಡಿದು ಬರುವವರ ಮೇಲೆ ಇರುವುದಿಲ್ಲ.

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕೊಚಬಾಂಬಾ ನಗರವನ್ನೇ ನೋಡಿ. 1999ರಲ್ಲಿ ಅಲ್ಲಿನ ನೀರು ಸರಬರಾಜು ವಿದೇಶಿ ಪಾಲುದಾರಿಕೆಯ ಕಂಪನಿಯೊಂದರ ಕೈಸೇರಿತು. ಕೆಲವು ಮನೆಗಳ ಬಿಲ್ ದುಪ್ಪಟ್ಟಾಯಿತು. ಆದರೆ ನಲ್ಲಿಯ ಸಂಪರ್ಕವೇ ಇಲ್ಲದ ರೈತರು, ಹೊರವಲಯದ ನಿವಾಸಿಗಳು ಕೂಡ ಚಳವಳಿಗೆ ಸೇರಿದರು, ಏಕೆಂದರೆ ತಾವೇ ಕೂಡಿ ತೋಡಿಸಿದ ಬಾವಿಗಳೂ ಕಾಲುವೆಯ ನೀರಿನ ಪಾಲೂ ಕೈತಪ್ಪುತ್ತವೆಂಬ ಭಯ ಅವರಿಗಿತ್ತು. 2000ದ ಏಪ್ರಿಲ್‌ನಲ್ಲಿ ಸರ್ಕಾರ ಒಪ್ಪಂದವನ್ನು ಕೈಬಿಟ್ಟಿತು. ಅಷ್ಟರಲ್ಲಿ ಗುಂಡೇಟಿಗೆ 17ರ ಹುಡುಗನೊಬ್ಬ ಬಲಿಯಾಗಿದ್ದ.

ಪಾಲಿಕೆಗಳೇನೂ ಸಾಚಾ ಅಲ್ಲ, ಕೊಚಬಾಂಬಾದ ಅನೇಕ ಬಡಾವಣೆಗಳಿಗೆ ಕಂಪನಿ ಹೋದ ಮೇಲೂ ನೀರು ಸರಿಯಾಗಿ ತಲುಪಲಿಲ್ಲ. ನಮ್ಮ ಬೀದಿಯಲ್ಲಿ ಕೊಡ ಹಿಡಿದು ಕುಳಿತವರಿಗೂ ಈ ಮಾತು ಗೊತ್ತಿದೆ. ಬೈಯಲು ಹತ್ತಿರದಲ್ಲೊಬ್ಬರು ಇರಲಿ ಎಂಬುದಷ್ಟೇ ಅವರ ಹಟ.