ಹಿಂದಿನ ಬೆಂಚಿನಲ್ಲಿ ಕೂತವರು ಏನು ನೋಡಬೇಕು?

ಓದುಗರ ಪತ್ರ: ‘ಸೋಮವಾರಪೇಟೆ ತಾಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ಸೇವೆಗೆ ಸೇರಿ 22 ವರ್ಷ ಆಯಿತು. ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡಬೇಕು ಅಂತ, ಸುತ್ತಲಿನ ಶಾಲೆಗಳ ಟೀಚರ್‌ಗಳು ಸೇರುವ ನಮ್ಮ ಕ್ಲಸ್ಟರ್ ಸಭೆಯಲ್ಲಿ ಮಾತಾಗಿದೆ. ನನ್ನ ತರಗತಿಗೆ ಬರುವವಳು ಹೋದ ವರ್ಷ ಸೇರಿದ ಹುಡುಗಿ, ನನ್ನ ಮಗಳ ವಯಸ್ಸು. ಹಿಂದೊಮ್ಮೆ ತಪಾಸಣೆಗೆ ಬಂದವರು ಮಕ್ಕಳ ಎದುರೇ ನನ್ನ ತಪ್ಪು ಎಣಿಸಿದ್ದರು. ಅದು ಇನ್ನೂ ಚುಚ್ಚುತ್ತದೆ. ಇರುವವರೇ ಇಬ್ಬರು ಟೀಚರ್. ಇದೆಲ್ಲ ಬೇಕಾ? ದಯವಿಟ್ಟು ಹೆಸರು ಹಾಕಬೇಡಿ.’

ಸಂಪಾದಕರ ಉತ್ತರ:

ಮೇಡಂ, ಮೊದಲು ಆ ತಪಾಸಣೆಯ ಮಾತು. ಮಕ್ಕಳ ಎದುರು ಟೀಚರ ತಪ್ಪು ಎಣಿಸುವುದು ಯಾರು ಮಾಡಿದರೂ ತಪ್ಪೇ. ಅದನ್ನು ನೀವು ಮರೆಯಬೇಕಾಗಿಯೂ ಇಲ್ಲ. ಅದು ಬೇರೆ, ಇದು ಬೇರೆ ಎಂದು ನಾನು ಸುಮ್ನೆ ಹೇಳಿದರೆ ಸಾಲದು. ಬೇರೆಯಾಗಿಯೇ ಉಳಿಯುವಂತೆ ನೀವು ಹಟ ಹಿಡಿಯಬೇಕು. ನೋಡಿದವರು ಬರೆದ ಚೀಟಿ ಫೈಲಿಗೆ ಹೋಯಿತೋ, ಅಂಕ ಹಾಕುವ ನಮೂನೆ ಬಂತೋ, ಅಲ್ಲಿಗೆ ಅದು ಇನ್‌ಸ್ಪೆಕ್ಷನ್ನೇ. ಇನ್‌ಸ್ಪೆಕ್ಷನ್ ದಿನ ಪಾಠ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಗೋಡೆಗೆ ಹೊಸ ಚಾರ್ಟು ಬರುತ್ತದೆ. ಜಾಣ ಮಕ್ಕಳು ಮುಂದಿನ ಸಾಲಿಗೆ ಬರುತ್ತಾರೆ. ನಿನ್ನೆ ಹೇಳಿಕೊಟ್ಟ ಪ್ರಶ್ನೆಯನ್ನೇ ಇವತ್ತು ಕೇಳುತ್ತೇವೆ. ಕೇಳುತ್ತೇವೆ ಎಂದೆ ನೋಡಿ, ಪತ್ರಿಕೆಗೆ ಬರುವ ಮುಂಚೆ ಒಂಬತ್ತು ವರ್ಷ ನಾನೂ ಸೀಮೆಸುಣ್ಣ ಹಿಡಿದವನೇ.

ವಿರಾಜಪೇಟೆ ಕಡೆ ಒಂದು ಸಣ್ಣ ಶಾಲೆ. ಸುತ್ತ ಕಾಫಿ ತೋಟ. ಮೂರನೇ ತರಗತಿಗೆ ವ್ಯವಕಲನ ಮಾಡುತ್ತಿದ್ದೆ. ಮಕ್ಕಳಿಗೆ ಗೊತ್ತಿರುವ ಉದಾಹರಣೆ ಕೊಡಬೇಕು ಅಂತ ಬೋರ್ಡಿನ ಮೇಲೆ ಬರೆದೆ: ‘ತೋಟದಲ್ಲಿ 15 ಗಿಡ. 6 ಕಳೆ. ಉಳಿದ ಗಿಡ ಎಷ್ಟು?’ ಪಕ್ಕದ ತರಗತಿಯ ಮೇಷ್ಟ್ರು ಅವತ್ತು ಸುಮ್ನೆ ಬಂದು ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿಯ ಪಕ್ಕ ಕೂತಿದ್ದರು. ಎರವ ಅನ್ನುವ ಬುಡಕಟ್ಟಿನ ಮಗು, ಬಾಯಿ ಬಿಡುತ್ತಿದ್ದದ್ದು ಕಡಿಮೆ. ಆಕೆ ಸ್ಲೇಟಿನ ಮೇಲೆ ಹದಿನೈದು ಗಿಡ ಬರೆದಳು. ಅವುಗಳ ಬುಡದಲ್ಲಿ ಆರು ಕಡೆ ಹುಲ್ಲು ಬರೆದಳು. ಉತ್ತರ 15 ಎಂದು ಬರೆದಳು.

ಸಂಜೆ ಬಸ್ಸಿಗೆ ಕಾಯುವಾಗ ಅವರು ಕೇಳಿದರು, “ನಿಮ್ಮ ಲೆಕ್ಕದಲ್ಲಿ ಕಳೆ ಅಂದರೆ ಯಾವ ಕಳೆ ಮಾರಾಯ್ರೇ?” ನನಗೆ ಅರ್ಥ ಆಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಮಗುವಿನ ಅಪ್ಪ ಅಮ್ಮ ತೋಟದಲ್ಲಿ ಕಳೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಗಿಡದ ನಡುವೆ ಆರು ಕಳೆ ಹುಟ್ಟಿದರೆ ಗಿಡ ಹದಿನೈದೇ ತಾನೇ! ಅವರು ನೋಡದೇ ಇದ್ದಿದ್ದರೆ ನಾನು ಆ ಸ್ಲೇಟಿಗೆ ಗೀಟು ಹಾಕಿ ಮುಂದೆ ಹೋಗುತ್ತಿದ್ದೆ. ಹಾಗೆ ಎಷ್ಟು ಸ್ಲೇಟಿಗೆ ಗೀಟು ಹಾಕಿದ್ದೇನೋ.

ಗಮನಿಸಿ ಮೇಡಂ, ಅವರು ನನ್ನ ಪಾಠ ನೋಡಲೇ ಇಲ್ಲ. ಮಗುವನ್ನು ನೋಡಿದರು. ನಿಮ್ಮ ಹೆದರಿಕೆಗೆ ನನ್ನ ಉತ್ತರ ಇಷ್ಟೇ. ಬರುವವರಿಗೆ ಮೊದಲೇ ಹೇಳಿಬಿಡಿ, ‘ನನ್ನನ್ನು ನೋಡಬೇಡಮ್ಮ, ಆ ಮೂರು ಮಕ್ಕಳನ್ನು ನೋಡು’ ಅಂತ. ಯಾವ ಮೂರು ಅನ್ನುವುದನ್ನು ಆರಿಸುವವರು ನೀವೇ.

ಜಪಾನಿನ ಶಾಲೆಗಳಲ್ಲಿ ಇದು ನೂರು ವರ್ಷಕ್ಕೂ ಹಳೆಯ ರೂಢಿ. ಜುಗ್ಯೋ ಕೆಂಕ್ಯೂ ಅನ್ನುತ್ತಾರೆ, ಪಾಠದ ಅಧ್ಯಯನ ಅಂತ ಅರ್ಥ. ನಾಲ್ಕಾರು ಟೀಚರ್‌ಗಳು ವಾರಗಟ್ಟಲೆ ಕೂತು ಒಂದೇ ಒಂದು ಪಾಠವನ್ನು ತಯಾರು ಮಾಡುತ್ತಾರೆ. ಒಬ್ಬರು ಕಲಿಸುತ್ತಾರೆ. ಉಳಿದವರು ಮಕ್ಕಳು ಎಲ್ಲಿ ತಡವರಿಸಿದರು, ಏನು ಬರೆದು ಅಳಿಸಿದರು ಎಂದು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಕೂತು ಮಾತಾಡುತ್ತಾರೆ, ಪಾಠ ತಿದ್ದುತ್ತಾರೆ. ಎಷ್ಟೋ ಸಲ ತಿದ್ದಿದ ಪಾಠವನ್ನು ಇನ್ನೊಬ್ಬರು ಇನ್ನೊಂದು ತರಗತಿಗೆ ಮಾಡುತ್ತಾರೆ. ಎಲ್ಲರೂ ಸೇರಿ ಕಟ್ಟಿದ ಪಾಠ ಆದ್ದರಿಂದ ಕೆಟ್ಟರೆ ಪಾಠ ಕೆಟ್ಟಿತು ಅಷ್ಟೇ, ಟೀಚರ ಮಾನ ಹೋಗುವುದಿಲ್ಲ. ನಮ್ಮಲ್ಲಿ ಕಾಣದಿರುವುದು ಇದೇ.

ದೂರದ ಮಾತು ಅನಿಸಿದರೆ ಪಕ್ಕದ ಎಚ್.ಡಿ. ಕೋಟೆಯನ್ನೇ ನೋಡಿ. 1995ರಲ್ಲಿ ಅಲ್ಲಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕೂತು ನೋಡಿ ಬಂದರು. ನೀವು ದಿನಾ ಮಾಡುವ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ಹಾಗೆ.

ಏನು ನೋಡಲಿ ಅಂತ ಆ ಹುಡುಗಿ ಕೇಳಿದರೆ ಇನ್ನೊಂದು ಕೆಲಸ ಕೊಡಿ. ನೀವು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತೀರಿ, ಅದನ್ನು ಎಣಿಸಲಿ. ಅಮೆರಿಕದ ಮೇರಿ ಬಡ್ ರೋ ಅನ್ನುವವರು ತರಗತಿಗಳ ಧ್ವನಿಮುದ್ರಣ ಕೇಳಿ 1970ರ ದಶಕದಲ್ಲಿ ಇದನ್ನು ಬರೆದರು. ಟೀಚರ್‌ಗಳು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತಿತ್ತು, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಡುತ್ತಿದ್ದರು. ನಮ್ಮ ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ಒಂದೇ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಮಾತಾಡುವ ಮನೆಗಳ ಮಕ್ಕಳು ಇರುತ್ತಾರೆ. ನಮ್ಮ ಕನ್ನಡದ ಪ್ರಶ್ನೆ ಅವರ ಮನೆಗೆ ಹೋಗಿ ಉತ್ತರ ತರಬೇಕು. ಒಂದು ಸೆಕೆಂಡಿನಲ್ಲಿ ಹೋಗಿ ಬರಲು ಆಗುತ್ತದಾ? ನಿಮ್ಮಷ್ಟಕ್ಕೆ ನೀವು ಇದನ್ನು ಅಳೆದುಕೊಳ್ಳಲು ಆಗುವುದಿಲ್ಲ. ಪಾಠ ಮಾಡುವಾಗ ಒಂದು ಸೆಕೆಂಡು ಮೌನವೂ ಒಂದು ಗಂಟೆ ಅನಿಸುತ್ತದೆ.

ಇಬ್ಬರೇ ಟೀಚರ್ ಅನ್ನುವುದು ನಿಜವಾದ ತೊಡಕು. ಉಳಿದದ್ದೆಲ್ಲ ಮನಸ್ಸಿನ ಅಳುಕು, ಇದು ಹಾಗಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಟೀಚರ್. ಒಬ್ಬರು ಹಿಂದೆ ಕೂತರೆ ಅವರ ಮಕ್ಕಳನ್ನು ಯಾರು ನೋಡುವುದು? ಇಡೀ ಪೀರಿಯಡ್ ಬೇಡ, ಇಪ್ಪತ್ತು ನಿಮಿಷ ಸಾಕು. ಆ ಹೊತ್ತಿಗೆ ಅವರ ಮಕ್ಕಳನ್ನೂ ನಿಮ್ಮ ಕೋಣೆಗೇ ಕರೆದುಕೊಳ್ಳಿ, ಬರೆಯುವ ಕೆಲಸ ಕೊಡಿ. ಅಥವಾ ಕ್ಲಸ್ಟರ್ ಸಭೆಯಲ್ಲೇ ಕೇಳಿ, ತಿಂಗಳ ಸಭೆಯನ್ನು ಮಕ್ಕಳಿರುವ ದಿನ ಒಂದು ಶಾಲೆಯಲ್ಲಿ ಮಾಡಿ, ಮೊದಲ ಅರ್ಧ ಗಂಟೆ ಪಾಠ ನೋಡಿ ಆಮೇಲೆ ಮಾತಾಡೋಣ ಅಂತ. ಸುತ್ತೋಲೆ ಓದುವುದಕ್ಕಿಂತ ವಾಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಧ್ವನಿ ಮಾತ್ರ ಸಾಕು. ಮಕ್ಕಳ ವಿಡಿಯೋ ವಾಟ್ಸಾಪ್ ಗುಂಪಿಗೆ ಬಿದ್ದರೆ ಅದು ಬೇರೆಯೇ ತಲೆನೋವು.

ಮಗಳ ವಯಸ್ಸಿನವಳು ಅಂದಿರಲ್ಲ, ಅದಕ್ಕೊಂದು ಉಪಾಯ. ಮೊದಲು ಆಕೆಯ ತರಗತಿಗೆ ನೀವೇ ಹೋಗಿ. ‘ನಿನ್ನ ಹಿಂದಿನ ಬೆಂಚಿನಲ್ಲಿ ಕೂರಲಾ?’ ಅಂತ ಕೇಳಿ. 22 ವರ್ಷದ ಟೀಚರ್ ಹಾಗೆ ಕೇಳಿದರೆ ಆಕೆಗೆ ನಿಮಗಿಂತ ಜಾಸ್ತಿ ಕೈ ನಡುಗುತ್ತದೆ, ನೋಡುತ್ತಿರಿ. ಪಾಠ ಆದ ಮೇಲೆ ತಪ್ಪು ಹೇಳಬೇಡಿ. ಯಾವ ಮಗು ಏನು ಮಾಡಿತು ಅಂತ ಮಾತ್ರ ಹೇಳಿ. ಮುಂದಿನ ವಾರ ಆಕೆ ಬಂದಾಗ ಆಕೆಗೂ ಅದೇ ಮಾತು ಬಾಯಿಗೆ ಬರುತ್ತದೆ.

ಮಾಡುವುದಾದರೆ ಜೂನ್‌ನಲ್ಲೇ ಶುರು ಮಾಡಿ. ಜುಲೈನಲ್ಲಿ ಶೀಟಿನ ಮೇಲೆ ಮಳೆ ಬಡಿಯುವಾಗ ಹಿಂದಿನ ಬೆಂಚಿಗೆ ನಿಮ್ಮ ಮಾತೇ ಕೇಳಿಸುವುದಿಲ್ಲ. ಅದೂ ಗೊತ್ತಾಗಲಿ ಅನ್ನಿ. ಆದರೆ ಮಳೆ ರಜೆ ಯಾವತ್ತು ಬರುತ್ತದೆ ಅಂತ ಹಿಂದಿನ ಸಂಜೆವರೆಗೆ ಡಿ.ಸಿ. ಅವರಿಗೂ ಗೊತ್ತಿರುವುದಿಲ್ಲ.