ಆಂಟೆನಾ ಬದಲಾಯಿಸಿದರೆ ಎತ್ತರ ಯಾಕೆ ಜಿಗಿಯುತ್ತದೆ?

ಪ್ರಶ್ನೆ: ನಮ್ಮ ಜಿಪಿಎಸ್ ರೆಫರೆನ್ಸ್ ಸ್ಟೇಷನ್‌ನಲ್ಲಿ (ಒಂದೇ ಜಾಗದಲ್ಲಿ ನಿಂತು ಸದಾ ಅಳೆಯುವ ಕೇಂದ್ರ) ಹಳೇ ಆಂಟೆನಾ ಕೆಟ್ಟಿತ್ತು. ಅದೇ ಕಂಬಕ್ಕೆ, ಅದೇ ಬೋಲ್ಟಿಗೆ ಬೇರೆ ಮಾಡೆಲ್ ಹಾಕಿದೆವು. ಮರುದಿನದಿಂದ ಎತ್ತರ 9 ಮಿಲಿಮೀಟರ್ ಜಾಸ್ತಿ ಬರುತ್ತಿದೆ. ಹೊಸ ಆಂಟೆನಾನೇ ಸರಿ ಇಲ್ವಾ?

ಉತ್ತರ: ಆಂಟೆನಾ ಸರಿಯಾಗೇ ಇರಬಹುದು, ಗಾಬರಿಯಾಗಬೇಡಿ. ರಿಸೀವರ್ ಅಳೆಯುವುದು ನಿಮ್ಮ ಬೋಲ್ಟನ್ನಲ್ಲ, ಸಿಗ್ನಲ್ ಬಂದು ಸೇರಿದಂತೆ ಕಾಣುವ ಫೇಸ್ ಸೆಂಟರ್ ಎಂಬ ಬಿಂದುವನ್ನು. ಅದನ್ನು ಕೈಯಿಟ್ಟು ತೋರಿಸೋಕಾಗದು. ಉಪಗ್ರಹ ಬೇರೆ ಬೇರೆ ಆವರ್ತನದಲ್ಲಿ ಕಳಿಸುವ ಸಿಗ್ನಲ್‌ಗಳಲ್ಲಿ ಎಲ್1ಗೆ ಅದು ಒಂದು ಕಡೆ ಇದ್ದರೆ ಎಲ್2ಗೆ ಇನ್ನೊಂದು ಕಡೆ, ಅದೂ ಸಾಲದು ಅಂತ ಉಪಗ್ರಹ ನೆತ್ತಿಯ ಮೇಲಿದ್ದಾಗ ಒಂಥರ, ಕೆಳಗಿಳಿದಾಗ ಇನ್ನೊಂಥರ. ಮಾಡೆಲ್ ಬದಲಾದರೆ ಇದೆಲ್ಲ ಬದಲು.

ಇದನ್ನು ಸರಿದೂಗಿಸೋಕೆ ಕ್ಯಾಲಿಬ್ರೇಷನ್ ಫೈಲ್ ಇದೆ. ಆಂಟೆನಾವನ್ನು ರೋಬಾಟ್ ತೋಳಿಗೆ ಕಟ್ಟಿ, ಓರೆ ಮಾಡಿ, ತಿರುಗಿಸಿ ಅಳೆದ ಅಂಕಿಗಳು ಅದರಲ್ಲಿರುತ್ತವೆ. ಐಜಿಎಸ್ (ಉಪಗ್ರಹ ಸ್ಥಾನನಿರ್ಣಯದ ಅಂತರರಾಷ್ಟ್ರೀಯ ಸೇವೆ) 2006ರ ನವೆಂಬರ್‌ನಿಂದ ಇಂಥ ಅಬ್ಸಲ್ಯೂಟ್, ಅಂದರೆ ಇನ್ನೊಂದು ಆಂಟೆನಾಗೆ ಹೋಲಿಸದೆ ಮಾಡಿದ, ಕ್ಯಾಲಿಬ್ರೇಷನ್ನನ್ನೇ ಬಳಸುತ್ತಿದೆ. ಮೊದಲು ನೋಡಬೇಕಾದ್ದು ನಿಮ್ಮ ಡೇಟಾ ಫೈಲಿನ ತಲೆಯಲ್ಲಿರುವ ಆಂಟೆನಾ ಹೆಸರು. ಒಟ್ಟು 20 ಅಕ್ಷರದ ಜಾಗ, ಕೊನೆಯ 4 ರೇಡೋಮ್‌ಗೆ, ಅಂದರೆ ಆಂಟೆನಾ ಮೇಲಿನ ಮುಚ್ಚಳಕ್ಕೆ. ಮುಚ್ಚಳ ಇಲ್ಲದಿದ್ದರೆ ಅಲ್ಲಿ 'NONE' ಅಂತಿರಬೇಕು. ಹಳೇ ಹೆಸರೇ ಉಳಿದುಬಿಟ್ಟಿದ್ದರೆ ಸಾಫ್ಟ್‌ವೇರ್ ಹಳೇ ತಿದ್ದುಪಡಿಯನ್ನೇ ಹೊಸ ಆಂಟೆನಾಗೆ ಹಾಕುತ್ತಿರುತ್ತದೆ, 9 ಮಿಲಿಮೀಟರ್ ಅಲ್ಲಿಂದಲೇ ಬಂದಿರಬಹುದು. ಆಂಟೆನಾ ಅಂಚಿನ ಉತ್ತರದ ಗುರುತು ಉತ್ತರಕ್ಕೇ ಇದೆಯಾ, ಎತ್ತರ ಅಳೆದದ್ದು ಆಂಟೆನಾದ ತಳದವರೆಗೇನಾ, ಅದನ್ನೂ ನೋಡಿ.

ಎಲ್ಲ ಸರಿಯಿದ್ದರೂ ಕೆಲವು ಮಿಲಿಮೀಟರ್ ಉಳಿಯಬಹುದು. ಕಂಬದ ತಲೆಗೆ ಬಡಿದು ಬರುವ ಸಿಗ್ನಲ್ ಒಂದೊಂದು ಆಂಟೆನಾಗೆ ಒಂದೊಂದು ಥರ ಕಾಡುತ್ತದೆ. ಮೇಲಾಗಿ ಅಯಾನುಗೋಳದ (ಸಿಗ್ನಲ್ಲನ್ನು ತಡಮಾಡುವ ವಾತಾವರಣದ ಮೇಲಿನ ಪದರ) ಪ್ರಭಾವ ಕಳೆಯೋಕೆ ಎಲ್1 ಎಲ್2 ಎರಡನ್ನೂ ಸೇರಿಸುತ್ತೇವಲ್ಲ, ಆಗ ಎಲ್1ನ 1 ಮಿಲಿಮೀಟರ್ ತಪ್ಪು ಸುಮಾರು 2.5 ಆಗಿಬಿಡುತ್ತದೆ. ಪೆಟ್ಟು ಬೀಳುವುದು ಹೆಚ್ಚಾಗಿ ಎತ್ತರಕ್ಕೇ.

ಹೊಲದ ಗಡಿ ಅಳೆಯುವವರಿಗೆ ಇದು ದೊಡ್ಡ ವಿಷಯವಲ್ಲ. ನೆಲ ಕುಸಿಯುವುದನ್ನು, ಸಮುದ್ರ ಮಟ್ಟವನ್ನು ನೋಡುವವರಿಗೆ ಮಾತ್ರ ಇದು ತುಂಬ ದೊಡ್ಡದು, ಯಾಕಂದ್ರೆ ಅಲ್ಲಿ ಬದಲಾವಣೆ ವರ್ಷಕ್ಕೆ ಕೆಲವೇ ಮಿಲಿಮೀಟರ್. ನಿಮ್ಮ ಒಂದು ದಿನದ ಜಿಗಿತ ಎರಡು ಮೂರು ವರ್ಷದ ಚಲನೆಯಂತೆ ಕಾಣಿಸಿಬಿಡುತ್ತದೆ. ದಯವಿಟ್ಟು ಅದನ್ನು ಸುಮ್ನೆ ಸವರಿ ಸಮ ಮಾಡಬೇಡಿ. ಬದಲಾಯಿಸಿದ ದಿನ, ಗಂಟೆ ಸೈಟ್ ಲಾಗ್‌ನಲ್ಲಿ (ಸ್ಟೇಷನ್ನಿನ ದಾಖಲೆಯಲ್ಲಿ) ಬರೆದು, ಲೆಕ್ಕದಲ್ಲಿ ಆ ತಾರೀಖಿಗೆ ಒಂದು ಮೆಟ್ಟಿಲು, ಅಂದರೆ ಒಮ್ಮೆಲೇ ಆದ ಜಿಗಿತ ಅಂತ, ಇಡಿ.

ಇನ್ನೊಮ್ಮೆ ಬದಲಾಯಿಸುವುದಾದರೆ ಹತ್ತಿರದಲ್ಲೇ ಎರಡನೇ ಆಂಟೆನಾ ನಿಲ್ಲಿಸಿ, ಮುಂಚೆ ಕೆಲವು ವಾರ, ಆಮೇಲೆ ಕೆಲವು ವಾರ ಓಡಿಸಿ. ಎರಡರ ನಡುವಿನ ವ್ಯತ್ಯಾಸದಲ್ಲಿ ಜಿಗಿತ ಸ್ಪಷ್ಟವಾಗಿ ಸಿಗುತ್ತದೆ. ಅಂದಹಾಗೆ, ಅವತ್ತೇ ರಿಸೀವರನ್ನೂ ಬದಲಾಯಿಸಿದ್ದಿರಾ? ಹಾಗಿದ್ದರೆ ಅದನ್ನೂ ಲಾಗ್‌ಗೆ ಸೇರಿಸಿ.