ದಾಸವಾಳದ ಕಡ್ಡಿ

ಪ್ರಶ್ನೆ: ಮೇಡಂ, ನೈಜೀರಿಯಾದ ಚಿಮಮಾಂಡ ಎನ್‌ಗೋಜಿ ಅಡಿಚಿಯವರ ‘ಪರ್ಪಲ್ ಹೈಬಿಸ್ಕಸ್’ (2003) ಓದುತ್ತಿದ್ದೇವೆ. ‘ನೇರಳೆ ದಾಸವಾಳ ಸ್ವಾತಂತ್ರ್ಯದ ಸಂಕೇತ’ ಎಂದು ಬರೆಸಿ ಪಾಠ ಮುಗಿಸಿದರು. ಇಷ್ಟಕ್ಕೆ ಇಡೀ ಕಾದಂಬರಿ ಓದಬೇಕೇ?
– ಬಿ.ಎ. ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ತಪ್ಪಲ್ಲ. ಕಥೆ ಹೇಳುವ ಹದಿನೈದರ ಹುಡುಗಿ ಕಂಬಿಲಿಯೇ ಮೊದಲ ಭಾಗದಲ್ಲಿ ಹಾಗೆನ್ನುತ್ತಾಳೆ. ಆದರೆ ಸೇನಾ ಕ್ಷಿಪ್ರಕ್ರಾಂತಿಯ ಬಳಿಕ ಹಸಿರೆಲೆ ಬೀಸುತ್ತ ಜನ ಕೂಗಿದ ಸ್ವಾತಂತ್ರ್ಯವೇ ಬೇರೆ, ಇದೇ ಬೇರೆ ಎಂದೂ ಸೇರಿಸುತ್ತಾಳೆ. ನೋಟ್ಸಿನಲ್ಲಿ ಬಿಟ್ಟುಹೋಗುವುದು ಈ ಅರ್ಧ ಮಾತು. ಅವಳ ಅಪ್ಪ ಯುಜೀನ್ ಪತ್ರಿಕೆ ನಡೆಸಿ ಸೇನಾ ಸರ್ಕಾರವನ್ನು ಎದುರು ಹಾಕಿಕೊಂಡವನು. ಮನೆಯೊಳಗೆ ಮಾತ್ರ ಮಕ್ಕಳ ಓದು, ನಿದ್ದೆಗೆಲ್ಲ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವವನು, ತಪ್ಪಿದರೆ ಹೊಡೆಯುವವನು. ತನ್ನ ಬಟ್ಟಲಿನ ಸುಡುವ ಚಹಾದಲ್ಲಿ ಮಕ್ಕಳಿಗೂ ಒಂದು ಗುಟುಕು ಕೊಡುತ್ತಾನೆ. ನಾಲಗೆ ಸುಟ್ಟರೂ ಕಂಬಿಲಿಗೆ ಅದು ಅಪ್ಪನ ಪ್ರೀತಿ. ನನ್ನನ್ನು ಕೇಳಿದರೆ, ಹೂವಿಗಿಂತ ಈ ಗುಟುಕೇ ಹೆಚ್ಚು ಕಾಡುತ್ತದೆ.

ಇನ್ನು ಗಾಜಿನ ಕಪಾಟಿನ ನರ್ತಕಿ ಗೊಂಬೆಗಳು. ಗಂಡನಿಂದ ಪೆಟ್ಟು ತಿಂದಾಗಲೆಲ್ಲ ಅಮ್ಮ ಅವನ್ನು ಉಜ್ಜಿ ಒರೆಸುತ್ತಾಳೆ. ಚಾಮರಾಜಪೇಟೆಯ ನಮ್ಮ ಚಿಕ್ಕಮ್ಮನ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳಿದ್ದವು. ಬೆಳಗ್ಗೆಯೇ ಅವುಗಳ ಧೂಳು ಹೊಡೆಯುವ ಕೆಲಸ ಶುರುವಾಗಿದ್ದರೆ, ರಾತ್ರಿ ಚಿಕ್ಕಪ್ಪನ ಸಿಟ್ಟು ಎಲ್ಲಿಗೆ ಮುಟ್ಟಿತ್ತೆಂದು ನಮಗೆ ತಿಳಿಯುತ್ತಿತ್ತು. ಕಾದಂಬರಿಯಲ್ಲಿ ಅಪ್ಪ ಎಸೆದ ಪ್ರಾರ್ಥನಾ ಪುಸ್ತಕ ತಗುಲಿ ಗೊಂಬೆಗಳು ಚೂರಾದಾಗ, ಬೇರೆ ತರುವುದಿಲ್ಲ ಎನ್ನುತ್ತಾಳೆ ಅಮ್ಮ. ಇಡೀ ಪುಸ್ತಕದಲ್ಲಿ ಇಷ್ಟು ತಣ್ಣಗಿನ ಬಂಡಾಯ ಇನ್ನೊಂದಿಲ್ಲ.

ಈಗ ನಿಮ್ಮ ದಾಸವಾಳ. ನ್ಸುಕ್ಕಾ ಎಂಬ ಊರಿನ ಅತ್ತೆಯ ಮನೆಯಿಂದ ಅಣ್ಣ ಜಾಜಾ ತರುವುದು ಹೂವನ್ನಲ್ಲ, ಕಡ್ಡಿಗಳನ್ನು. ನೆಡುವುದು ಅಪ್ಪನ ಅಂಗಳದಲ್ಲೇ, ಅಲ್ಲಿನ ಕೆಂಪು ದಾಸವಾಳಗಳ ಜೊತೆ. ಗೊಂಬೆಗಳು ಒಡೆದ ದಿನ ಅವು ಇನ್ನೂ ಮೊಗ್ಗು ಬಿಡುತ್ತಿವೆ, ಅಷ್ಟೇ. ಸಿದ್ದಾಪುರದ ನರ್ಸರಿಯ ಮಾಲಿಯೊಬ್ಬರು ಕೊಟ್ಟ ಕಡ್ಡಿಗಳನ್ನು ನಾನೂ ತಾರಸಿಯ ಕುಂಡದಲ್ಲಿ ನೆಟ್ಟಿದ್ದೆ. ಬೇರು ಬಂತೇ ಎಂದು ದಿನವೂ ಕಿತ್ತು ನೋಡಿಯೇ ಎರಡನ್ನು ಕೊಂದೆ. (ಮೂರನೆಯದನ್ನು ಪಕ್ಕದ ಮನೆಯವರ ವಶಕ್ಕೆ ಕೊಟ್ಟೆ, ಚಿಗುರಿದೆ.)

ಪರೀಕ್ಷೆಯಲ್ಲಿ ಮೇಷ್ಟ್ರ ವಾಕ್ಯವನ್ನೇ ಮೊದಲು ಬರೆಯಿರಿ, ಅಂಕ ಬೇಕಲ್ಲ. ಆಮೇಲೆ ಆ ಕಡ್ಡಿಯನ್ನು ಯಾರು ತಂದರು, ಯಾರ ಅಂಗಳದಲ್ಲಿ ನೆಟ್ಟರು ಎಂದು ಬರೆಯಿರಿ. ಜಾಗ ಉಳಿದರೆ ಚಹಾ.